ಕೆಂಪು ಅರಗಿನ ಮೇಲೆ ಬಿಳಿ ಅಕ್ಷರ

ಚನ್ನಪಟ್ಟಣದ ನಮ್ಮ ಕಾರ್ಖಾನೆ ಹೆಂಚಿನ ಮಾಡಿನ ಒಂದೇ ಕೋಣೆ. ಎರಡು ಲೇತ್, ಮೂಲೆಯಲ್ಲಿ ಒಣಗಲು ಒಟ್ಟಿದ ಆಲೆಮರದ ತುಂಡುಗಳು, ಗೋಡೆಗೆಲ್ಲ ಅರಗಿನ ಬಣ್ಣದ ಧೂಳು. ಬೊಂಬೆಗೆ ಗಿರಾಕಿ ಕಡಿಮೆಯಾದಾಗ ಅಪ್ಪ ಪೆನ್ನು ಶುರುಮಾಡಿದರು. ತುಂಡಿಗೆ ತೂತು ಕೊರೆದು ಹಿತ್ತಾಳೆ ಕೊಳವೆ ಅಂಟಿಸಿ, ಲೇತ್‌ಗೆ ಕೊಟ್ಟು ಉಳಿ ಹಿಡಿಯುವುದು. ಮೈ ನುಣುಪಾದ ಮೇಲೆ ಅರಗಿನ ಕಡ್ಡಿ ಒತ್ತಿದರೆ, ತಿರುಗುವ ಮರದ ಬಿಸಿಗೇ ಅರಗು ಕರಗಿ ಹರಡುತ್ತದೆ. ಕೊನೆಗೆ ತಾಳೆಗರಿ ಹಿಡಿದರೆ ಹೊಳಪು. ಅಲಂಕಾರವೆಂದರೆ ಬಳೆಯಂತೆ ಸುತ್ತುವ ಗೆರೆಗಳು, ಅಷ್ಟೇ. ಬಳ್ಳಿ ಬೇಕು, ಹೆಸರು ಬೇಕು ಅಂತ ಯಾರಾದರೂ ಕೇಳಿದರೆ ಅಪ್ಪ ಆಗಲ್ಲ ಅಂತ ತಲೆಯಾಡಿಸುತ್ತಿದ್ದರು. ಲೇತ್‌ಗೆ ದುಂಡಗಿನದು ಬಿಟ್ಟು ಬೇರೇನೂ ಗೊತ್ತಿಲ್ಲ.

2016ರಲ್ಲಿ ನಾನು ಹಟ ಹಿಡಿದು, ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಣ್ಣ ಸಿಎನ್‌ಸಿ ಮಿಷಿನ್ ತಂದೆ. ಟ್ರಂಕಿನಷ್ಟು ದೊಡ್ಡದು. ನಲವತ್ತು ವರ್ಷ ಉಳಿ ಹಿಡಿದಿದ್ದ ನಮ್ಮ ಕೆಲಸಗಾರ ಚಾಚಾ ಅದನ್ನು ಒಂದು ಸುತ್ತು ಬಂದು ನೋಡಿದರು. "ನಮ್ಮೂರ ಬೊಂಬೆ ಕೆಲಸದ ಹಳೇ ಉಸ್ತಾದ್ ಬವಾಸ್ ಮಿಯಾನ್ ಜಪಾನಿಗೆ ಹೋಗಿ ಅರಗಿನ ಕೆಲಸ ಕಲ್ತು ಬಂದ್ರು. ನೀನು ಬೆಂಗ್ಳೂರಿಂದ ಪೆಟ್ಟಿಗೆ ಹೊತ್ಕೊಂಡು ಬಂದೆ," ಅಂದರು. ಹೊಗಳಿಕೆಯೋ ಕುಟುಕೋ, ಇವತ್ತಿಗೂ ಗೊತ್ತಾಗಿಲ್ಲ.

ಆಲೆಮರ ದಂತದಷ್ಟು ಬಿಳಿ. ಕೆಂಪು ಅರಗು ಹಚ್ಚಿದ ಪೆನ್ನನ್ನು ಮೆಲ್ಲಗೆ ಉರುಳಿಸುತ್ತ ಚೂಪು ಮೊನೆಯಿಂದ ಕೆರೆದರೆ ಬಿಳಿ ಬಳ್ಳಿ, ಬಿಳಿ ಅಕ್ಷರ ಮೂಡಬೇಕು. ಆಳ ಬರೀ 0.3 ಮಿಲಿಮೀಟರ್. ಮೊದಲ ದಿನ ಮೊನೆಯನ್ನು ನಿಧಾನವಾಗಿ ಓಡಿಸಿದೆ; ಬಿಸಿಗೆ ಅರಗು ಕರಗಿ ಮೊನೆಗೇ ಮೆತ್ತಿಕೊಂಡಿತು. ಬೇಗ ಓಡಿಸಿದ ಮೇಲೆ ಅದು ಸರಿಹೋಯಿತು.

ಸರಿಹೋಗದ್ದು ಬೇರೆ. ಚಾಚಾ ಮಾಡಿದ ಪೆನ್ನುಗಳು ಕಣ್ಣಳತೆಯವು. ಒಂದರ ಹೊಟ್ಟೆ 12 ಮಿಲಿಮೀಟರ್, ಇನ್ನೊಂದರದು 12.4. ಕೈಯಲ್ಲಿ ಹಿಡಿದರೆ ಯಾರಿಗೂ ತಿಳಿಯದು. ಮಿಷಿನ್ ಮಾತ್ರ ಎಲ್ಲವೂ ಒಂದೇ ಅಂದುಕೊಂಡು ಇಳಿಯುತ್ತದೆ. ಹಾಗಾಗಿ ಒಂದರ ಮೇಲೆ ಬರೀ ಗೀರು, ಇನ್ನೊಂದರ ಮೇಲೆ ಕಾಲುವೆ. ತಪ್ಪು ನಿಮ್ಮದು ಅಂತ ನಾನು ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಒಂದು ವಾರ ಕಳೆದು ನೋಡಿದರೆ ಅವರ ಜೇಬಿನಲ್ಲಿ ದಪ್ಪ ಅಳೆಯುವ ವರ್ನಿಯರ್ ಇತ್ತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಬೆರಳು ಸವರಿಯೇ ಅಳತೆ ಹೇಳುತ್ತಿದ್ದ ಮನುಷ್ಯ ಪ್ರತಿ ಪೆನ್ನಿಗೂ ಮೂರು ಸಲ ಲೇತ್ ನಿಲ್ಲಿಸಿ, ಕನ್ನಡಕ ಏರಿಸಿ ಅಂಕಿ ಓದುತ್ತಿದ್ದರು.

ಅಕ್ಷರದ್ದು ಇನ್ನೊಂದು ಫಜೀತಿ. ಒಂದು ಮದುವೆಗೆ 24 ಪೆನ್ನು, ಹೆಸರು ಲಕ್ಷ್ಮಿ. ಮಿಷಿನ್ ಜೊತೆ ಬಂದ ಸಾಫ್ಟ್‌ವೇರ್‌ಗೆ ಒತ್ತಕ್ಷರ ಗೊತ್ತಿರಲಿಲ್ಲ. ಒತ್ತುಗಳು ಕೆಳಗಿಳಿಯದೆ ಪಕ್ಕಪಕ್ಕ ಸಾಲಾಗಿ ನಿಂತು 'ಲಕ್‌ಷ್‌ಮಿ' ಆಗಿದ್ದವು. ನಾನು ಬಳ್ಳಿಯ ತುದಿ ಕೂಡಿತೇ ಅಂತ ನೋಡುತ್ತಿದ್ದೆನೇ ಹೊರತು ಅಕ್ಷರ ಓದಿರಲಿಲ್ಲ. ಮನೆಯಲ್ಲಿ ಉರ್ದು ಆಡುವ ಚಾಚಾ ಮೂರನೇ ಪೆನ್ನು ಎತ್ತಿ ಬೆಳಕಿಗೆ ಹಿಡಿದು, "ಹೆಸರು ಬಿಡಿಬಿಡಿಯಾಗಿ ಬಿದ್ದೈತಲ್ಲೋ," ಅಂದರು. ಅಲ್ಲಿಂದ ಮುಂದೆ ಹೆಸರನ್ನು ಬೇರೆ ಕಡೆ ಚಿತ್ರವಾಗಿ ಮಾಡಿಕೊಂಡು ಮಿಷಿನ್‌ಗೆ ಕೊಡುತ್ತಿದ್ದೇನೆ. ಕೊಡುವ ಮೊದಲು ಅವರು ಒಮ್ಮೆ ಓದುತ್ತಿದ್ದರು.

ಪೆನ್ನಿಗೆ ಹೆಸರು ಹಾಕಿಸುವವರು ದಯವಿಟ್ಟು ಫೋನಿನಲ್ಲಿ ಹೇಳಬೇಡಿ, ಕಾಗದದ ಮೇಲೆ ದುಂಡಗೆ ಬರೆದು ತನ್ನಿ. ಓದಿ ನೋಡುತ್ತಿದ್ದ ಚಾಚಾ ಹೋದ ವರ್ಷದಿಂದ ಕೆಲಸಕ್ಕೆ ಬರುತ್ತಿಲ್ಲ.