ದಾಸವಾಳದ ಕಾಯಿ ನೋಡಿದೀರಾ?

ದಾಸವಾಳದ ಹೂ ನೋಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಆದರೆ ದಾಸವಾಳದ ಕಾಯಿ? ಹೀಗೆ ಕೇಳಿದರೆ ಎದುರಿನವರು ಸ್ವಲ್ಪ ಹೊತ್ತು ಯೋಚಿಸಿ, "ಅದಕ್ಕೆ ಕಾಯಿ ಬಿಡುತ್ತಾ?" ಅಂತ ನನ್ನನ್ನೇ ಕೇಳುತ್ತಾರೆ. ಬಿಡುತ್ತೆ. ಅಡಿಕೆಗಿಂತ ಚಿಕ್ಕದಾದ, ತುದಿ ಚೂಪಾದ ಹಸಿರು ಕಾಯಿ. ಬೆಂಡೆ, ಹತ್ತಿ, ಪುಂಡಿ ಎಲ್ಲ ಇದರ ಬಳಗವೇ. ಬೆಂಡೆಕಾಯಿ ಅಡ್ಡ ಹೆಚ್ಚಿದಾಗ ಐದು ಮನೆ ಕಾಣುತ್ತಲ್ಲ, ಇದರೊಳಗೂ ಹಾಗೇ ಐದು ಮನೆ, ಮೆಣಸಿನ ಕಾಳಿನಷ್ಟು ಬೀಜ.

ನೀವು ನೋಡಿಲ್ಲದಿದ್ದರೆ ಅದು ನಿಮ್ಮ ತಪ್ಪಲ್ಲ. ನಮ್ಮ ಬೇಲಿಯ ಕೆಂಪು ದಾಸವಾಳ ವರ್ಷಪೂರ್ತಿ ಹೂ ಬಿಟ್ಟರೂ ಕಾಯಿ ಕಟ್ಟುವುದು ಬಲು ಅಪರೂಪ. ತಲೆತಲಾಂತರದಿಂದ ಗೆಲ್ಲು ಮುರಿದು ನೆಟ್ಟೇ ಬೆಳೆಸಿಕೊಂಡು ಬಂದ ಗಿಡ ಅದು. ಮುದ್ದೆಯಂತೆ ಎಸಳು ತುಂಬಿಕೊಂಡ ಜಾತಿಯದ್ದಂತೂ ಕೇಳಲೇಬೇಡಿ, ಅದರ ಕೇಸರಗಳೇ ಎಸಳಾಗಿಬಿಟ್ಟಿರುತ್ತವೆ. ಲಿನೇಯಸ್ 1753ರಲ್ಲಿ ಇದಕ್ಕೆ 'ಹಿಬಿಸ್ಕಸ್ ರೋಸಾ ಸೈನೆನ್ಸಿಸ್' ಅಂತ ಹೆಸರಿಟ್ಟ. ರೋಸಾ ಸೈನೆನ್ಸಿಸ್ ಅಂದರೆ ಚೀನಾದ ಗುಲಾಬಿ. ಗುಲಾಬಿಯಂತೂ ಅಲ್ಲ, ಚೀನಾದ್ದು ಅನ್ನೋಣವೆಂದರೆ ಕಾಡಿನಲ್ಲಿ ತಾನಾಗಿ ಬೆಳೆದ ಮೂಲ ಗಿಡ ಅಲ್ಲೂ ಸಿಕ್ಕಿಲ್ಲ. ಮನುಷ್ಯರ ಅಂಗಳದಲ್ಲೇ ಹುಟ್ಟಿ ಅಂಗಳದಲ್ಲೇ ಬೆಳೆದ ಗಿಡ ಅಂತ ನಾನು ಅಂದುಕೊಂಡಿದ್ದೇನೆ.

ಇವತ್ತು ನರ್ಸರಿಗಳಲ್ಲಿ ತಟ್ಟೆಯಗಲದ, ಕಂದು, ನೇರಳೆ, ಬೂದು, ಒಂದೇ ಹೂವಿನಲ್ಲಿ ಮೂರು ಬಣ್ಣದ ದಾಸವಾಳ ಸಿಗುತ್ತಲ್ಲ, ಅವುಗಳ ಹಿಂದೆ ಇನ್ನೂ ಹಲವು ಜಾತಿಗಳ ರಕ್ತ ಇದೆ. ಹವಾಯಿ ದ್ವೀಪಗಳ ಕಾಡು ದಾಸವಾಳಗಳು, ಹಿಂದೂ ಮಹಾಸಾಗರದ ದ್ವೀಪಗಳವು, ಪೂರ್ವ ಆಫ್ರಿಕಾದಿಂದ ಬಂದ, ನಾವು ಜುಮುಕಿ ದಾಸವಾಳ ಅನ್ನುವ ಎಸಳು ಸೀಳಿದ ಹೂ, ಎಲ್ಲವನ್ನೂ ಬೆರೆಸಿದ್ದಾರೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹವಾಯಿಯಲ್ಲಿ ಈ ಹುಚ್ಚು ಜೋರಾಗಿತ್ತು. ಆಮೇಲೆ ಫ್ಲಾರಿಡಾ, ಆಸ್ಟ್ರೇಲಿಯಾ ಅಂತ ಹಬ್ಬಿ, ಈಗ ಸಾಗರದ ಹತ್ತಿರದ ನಮ್ಮ ಮನೆಗೂ ಬಂದಿದೆ.

ಕೆಲಸ ಹೇಳಲಿಕ್ಕೆ ಸುಲಭ. ಹೂವಿನ ನಡುವಿನಿಂದ ಒಂದು ಕೋಲು ಹೊರಗೆ ಚಾಚಿರುತ್ತೆ. ಅದರ ಮೈಮೇಲೆ ಹಳದಿ ಪುಡಿ, ತುತ್ತತುದಿಗೆ ಮಖಮಲ್ಲಿನಂಥ ಐದು ಗುಂಡು. ಪುಡಿ ಗಂಡು, ಗುಂಡು ಹೆಣ್ಣು. ಒಂದು ಗಿಡದ ಪುಡಿ ತಂದು ಇನ್ನೊಂದು ಗಿಡದ ಗುಂಡಿಗೆ ಸವರಬೇಕು, ಅಷ್ಟೇ. ಬೆಳಗ್ಗೆ ಅರಳಿ ಸಂಜೆಗೆ ಮುದುಡುವ ಹೂವಾದ್ದರಿಂದ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಮಳೆ ಬಿದ್ದು ಪುಡಿ ಒದ್ದೆಯಾದರೆ ಆ ದಿನ ರಜೆ. ಹಾಗಾಗಿ ನಮ್ಮ ಮಲೆನಾಡಿನಲ್ಲಿ ಇದೆಲ್ಲ ದೀಪಾವಳಿ ಕಳೆದ ಮೇಲಿನ ಮಾತು.

ಸವರಿದ ಹೂವಿಗೆ ದಾರ ಕಟ್ಟಿ ಚೀಟಿ ನೇತುಹಾಕುತ್ತೇನೆ. ಹಳೇ ಐಸ್‌ಕ್ರೀಂ ಡಬ್ಬಿ ಕತ್ತರಿಸಿ ಮಾಡಿದ ಚೀಟಿ, ಬರೆಯುವುದು ಪೆನ್ಸಿಲ್‌ನಲ್ಲಿ. ಪೆನ್ನಿನ ಶಾಯಿ ಬಿಸಿಲಿಗೆ ಮಾಯವಾಗುತ್ತೆ, ಪೆನ್ಸಿಲ್ ಉಳಿಯುತ್ತೆ. ತಳಿ ಮಾಡುವವರ ಲೆಕ್ಕದಲ್ಲಿ ತಾಯಿಯ ಹೆಸರು ಮೊದಲು, ಆಮೇಲೆ ತಂದೆಯದ್ದು. ಅಪ್ಪನ ಇನಿಶಿಯಲ್ ಹಚ್ಚಿಕೊಂಡೇ ಅರ್ಜಿ ತುಂಬಿದ ನನಗೆ ಪ್ರತಿ ಚೀಟಿ ಬರೆಯುವಾಗಲೂ ಒಂಥರಾ ಖುಷಿ.

ನಾಲ್ಕೈದು ದಿನದಲ್ಲಿ ಬಹುಪಾಲು ಹೂಗಳು ತೊಟ್ಟು ಸಮೇತ ಉದುರುತ್ತವೆ. ಉಳಿದದ್ದು ಉಬ್ಬುತ್ತೆ. ಒಂದೂವರೆ ಎರಡು ತಿಂಗಳಿಗೆ ಕಾಯಿ ಕಂದಾಗಿ ತುದಿ ಬಿರಿಯುತ್ತೆ. ಅಷ್ಟರಲ್ಲಿ ತೆಳು ಬಟ್ಟೆ ಕಟ್ಟಿರದಿದ್ದರೆ ಬೀಜ ಮಣ್ಣುಪಾಲು. ಬೀಜದ ಸಿಪ್ಪೆಯನ್ನು ಬ್ಲೇಡಿನಿಂದ ಚೂರು ಗೀರಿ, ರಾತ್ರಿ ನೆನೆಸಿಟ್ಟು ಬಿತ್ತಿದರೆ ವಾರ ಹದಿನೈದು ದಿನದಲ್ಲಿ ಮೊಳಕೆ. ಆಮೇಲೆ ಮೊದಲ ಹೂವಿಗೆ ಒಂದು ವರ್ಷ, ಕೆಲವಕ್ಕೆ ಎರಡು.

ಒಂದೇ ಕಾಯಿಯ ಹತ್ತು ಬೀಜ ಹಾಕಿದರೆ ಹತ್ತೂ ಬೇರೆ ಬೇರೆ. ಹಳದಿಗೂ ಕೆಂಪಿಗೂ ಕೂಡಿಸಿ ಕೇಸರಿ ಬರುತ್ತೆ ಅಂದುಕೊಂಡರೆ ಮಾಸಲು ಗುಲಾಬಿ ಬರುತ್ತೆ. ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಮೂತಿಯ ಮಗು ಹುಟ್ಟಿದ ಹಾಗೆ. ಹೆಚ್ಚಿನವು ಕಣ್ಣಿಗೆ ಏನೂ ವಿಶೇಷವಲ್ಲ. ಮೊದಲ ವರ್ಷ ನನ್ನ ಹತ್ತಿರ ನಲವತ್ತೆಂಟು ಸಸಿ ಹೂ ಬಿಟ್ಟವು. ಅತ್ತೆ ಕೊಟ್ಟಿಗೆ ಕೆಲಸ ಮುಗಿಸಿ ಬಂದು ನಿಂತರು.

"ಇದರಲ್ಲಿ ಎಷ್ಟು ಇಟ್ಕೋತೀಯೇ?"

"ಮೂರೋ ನಾಲ್ಕೋ, ಅತ್ತೆ."

"ಉಳಿದದ್ದು?"

"ಗೊಬ್ಬರದ ಗುಂಡಿಗೆ."

ಅತ್ತೆ ನನ್ನ ಮುಖ ನೋಡಿದರು. "ಹೂ ಬಿಟ್ಟು ನಿಂತಿರೋ ಗಿಡ ಕೀಳ್ತಾರೇನೇ? ಅದೇನು ಕಳೆಯಾ?"

ನನ್ನ ವಾದ ನನಗಿತ್ತು, ಈಗಲೂ ಇದೆ. ಬಂದದ್ದನ್ನೆಲ್ಲ ಇಟ್ಟುಕೊಂಡರೆ ಅದು ತಳಿ ಕೆಲಸ ಅಲ್ಲ, ಜಾತ್ರೆ. ತೊಟ್ಟು ಗಟ್ಟಿ ಇರಬೇಕು, ಹೂ ತಲೆ ಬಾಗಬಾರದು, ಮೊಗ್ಗು ಉದುರಬಾರದು, ಎಸಳು ಒಂದರ ಮೇಲೊಂದು ಕೂರಬೇಕು. ಹೀಗೆ ಒಂದಷ್ಟು ಗೀಟು ಹಾಕಿಕೊಂಡು ಅಳೆಯದಿದ್ದರೆ ಮುಂದಿನ ತಲೆಮಾರು ಇದಕ್ಕಿಂತ ಒಳ್ಳೆಯದಾಗುವುದು ಹೇಗೆ? ಅತ್ತೆಯ ಗೀಟು ಒಂದೇ, ಮಾವ ಪೂಜೆಗೆ ಕೂರುವ ಹೊತ್ತಿಗೆ ಅರಳಿರಬೇಕು. ಗಣಪತಿಗೆ ಕೆಂಪಾದರೆ ಸರಿ, ಇಲ್ಲದಿದ್ದರೂ ದೇವರೇನು ಬೇಡ ಅನ್ನಲ್ಲ. ನನ್ನ ಕಂದು ಬಣ್ಣದ ದುಬಾರಿ ಹೈಬ್ರಿಡ್ ಹೂ ನೋಡಿ ಮಾತ್ರ, "ಒಣಗಿದೆಯಲ್ಲೇ ಇದು" ಅಂದಿದ್ದರು.

ಮರುದಿನ ನೋಡಿದರೆ ನಾನು ಬೇಡ ಅಂದ ಸಸಿಗಳೆಲ್ಲ ಕೊಟ್ಟಿಗೆ ಹಿಂದಿನ ಬೇಲಿ ಸಾಲಿನಲ್ಲಿ ಊರಿದ್ದವು. ನಾನೂ ಸುಮ್ಮನಾದೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ದನ ಒಂದೆರಡು ಬಾಯಿ ಹಾಕಿತು, ಬಿಳಿ ಹಿಟ್ಟಿನಂಥ ತಿಗಣೆ ಬಂತು, ಹೋಯಿತು. ಕೆಲವು ಸತ್ತವು. ಬದುಕಿದವು ಆಳೆತ್ತರ ಬೆಳೆದು ನಿಂತವು. ಅತ್ತೆ ಎಲೆ ಕೊಯ್ದು ತಲೆಗೆ ಹಚ್ಚಿಕೊಳ್ಳುತ್ತಾರೆ, ಅಕ್ಕಿ ಜೊತೆ ಅರೆದು ದೋಸೆ ಹೊಯ್ಯುತ್ತಾರೆ.

ನಾನು ಇಟ್ಟುಕೊಂಡ ನಾಲ್ಕರಲ್ಲಿ ಒಂದು ಇಪ್ಪತ್ತಮೂರನೇ ನಂಬರು. ಹಳೇ ತಾಮ್ರದ ಬಣ್ಣ, ನಡುವೆ ರಕ್ತಗೆಂಪು ಕಣ್ಣು, ಅಂಚಿಗೆ ಸಣ್ಣ ಹಳದಿ ಗೆರೆ. ಹೀಗೆ ಬೀಜದಿಂದ ಹುಟ್ಟಿದ ಗಿಡ ಇಡೀ ಪ್ರಪಂಚದಲ್ಲಿ ಒಂದೇ ಇರುತ್ತೆ. ಅದೇ ಅಪ್ಪ ಅಮ್ಮನನ್ನು ಮತ್ತೆ ಸಾವಿರ ಸಲ ಕೂಡಿಸಿದರೂ ಅದೇ ಹೂ ಬರುತ್ತೆ ಅನ್ನುವ ನೆಚ್ಚಿಕೆ ಇಲ್ಲ. ಆ ವರ್ಷದ ಆಷಾಢದ ಮಳೆ ಬಿಟ್ಟೂಬಿಡದೆ ಹೊಯ್ದು, ಮಾಡಿನ ಕೆಳಗಿದ್ದರೂ ಕುಂಡದ ಮಣ್ಣು ಆರಲೇ ಇಲ್ಲ. ಒಂದು ಬೆಳಗ್ಗೆ ಎಲೆ ಜೋತು ಬಿದ್ದಿತ್ತು. ಬುಡ ಅಲ್ಲಾಡಿಸಿದರೆ ಬೇರು ಕೊಳೆತ ವಾಸನೆ. ಈ ಬಣ್ಣದ ಹೈಬ್ರಿಡ್‌ಗಳ ದೊಡ್ಡ ದೌರ್ಬಲ್ಯವೇ ಬೇರು. ಚೆಂದವೆಲ್ಲ ಮೇಲೆ. ಅದಕ್ಕೇ ತಿಳಿದವರು ಗಟ್ಟಿ ಬೇರಿನ ಗಿಡಕ್ಕೆ ಕಸಿ ಕಟ್ಟುತ್ತಾರೆ.

ಹಸಿರಿದ್ದ ಗೆಲ್ಲುಗಳನ್ನು ಕತ್ತರಿಸಿದೆ. ಐದು ಕಸಿಯಾಗುವಷ್ಟು ಸಿಕ್ಕಿತು. ಬೇರು ಯಾರದ್ದು? ಕೊಟ್ಟಿಗೆ ಹಿಂದಿನ ಸಾಲು ಇತ್ತಲ್ಲ. ಮಳೆಯಲ್ಲಿ ಅತ್ತೆ ಕೊಡೆ ಹಿಡಿದು ನಿಂತರು, ನಾನು ಕಾಂಡ ಸೀಳಿ, ಕಡ್ಡಿಯನ್ನು ಬೆಣೆಯ ಹಾಗೆ ಹೆರೆದು ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿ, ಮೇಲೆ ಕವರು ಕಟ್ಟಿದೆ. ಮೂರು ವಾರದೊಳಗೆ ನಾಲ್ಕು ಕಪ್ಪಾದವು. ಐದನೆಯದರ ಕಣ್ಣಿನಲ್ಲಿ ಎಳ್ಳಿನಷ್ಟು ಹಸಿರು. ಹೇಳಿಕೊಳ್ಳಲು ನಾಚಿಕೆ ಏನಿಲ್ಲ, ಆ ದಿನ ನಾಲ್ಕು ಸಲ ಹೋಗಿ ನೋಡಿದೆ. ಅತ್ತೆ ಎಷ್ಟು ಸಲ ಹೋದರೋ ಲೆಕ್ಕ ಇಟ್ಟಿಲ್ಲ.

ಆಮೇಲೆ ಅದು ಬೆಳೆದ ಹಾಗೆಲ್ಲ ಗೆಲ್ಲು ಹಂಚಲು ಶುರು ಮಾಡಿದೆ. ಗೂಟಿ ಕಟ್ಟಿ ಎರಡು, ಕಸಿ ಮಾಡಿ ಆರು. "ಇಷ್ಟು ಕಷ್ಟಪಟ್ಟು ಮಾಡಿದ್ದನ್ನ ಪುಕ್ಕಟೆ ಕೊಡ್ತೀಯಲ್ಲ, ಮಾರಬಹುದಿತ್ತು" ಅಂದವರಿದ್ದಾರೆ. ಮಾರುವವರು ಮಾರಲಿ, ನನಗೇನೂ ಬೇಜಾರಿಲ್ಲ. ಆದರೆ ಪಟ್ಟಿಯಲ್ಲಿ ಹೆಸರಿದ್ದು, ಗಿಡ ಯಾರ ಮನೆಯಲ್ಲೂ ಇಲ್ಲದ ದಾಸವಾಳಗಳು ಬೇಕಾದಷ್ಟಿವೆ. ಮಾಡಿದವರ ಅಂಗಳದಲ್ಲೇ ಇದ್ದು, ಅವರ ಜೊತೆಗೇ ಹೋದವು. ನನ್ನ ಇಪ್ಪತ್ತಮೂರು ಈಗ ತೀರ್ಥಹಳ್ಳಿಯಲ್ಲಿದೆ, ಶಿರಸಿಯಲ್ಲಿದೆ, ಬೆಂಗಳೂರಿನ ಒಂದು ತಾರಸಿಯಲ್ಲಿದೆ. ಮೊನ್ನೆ ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರದ ಮನೆಯೊಂದರಲ್ಲೂ ಕಂಡೆ. ನಾನು ಕೊಟ್ಟಿರಲಿಲ್ಲ. ಕದ್ದ ಗೆಲ್ಲು ಚೆನ್ನಾಗಿ ಚಿಗುರುತ್ತೆ ಅಂತ ನಮ್ಮ ಕಡೆಯ ನಂಬಿಕೆ, ಸುಳ್ಳಲ್ಲ ಅಂತ ಕಾಣುತ್ತೆ.

ಹೆಸರು ಇನ್ನೂ ಇಟ್ಟಿಲ್ಲ. ಅತ್ತೆ 'ಸತ್ತು ಬದುಕಿದ್ದು' ಅನ್ನುತ್ತಾರೆ. ದಾಸವಾಳ ತಳಿಗಳ ಹೆಸರು ದಾಖಲು ಮಾಡಿಕೊಳ್ಳುವ ಆಸ್ಟ್ರೇಲಿಯಾದ ಸಂಘಕ್ಕೆ ಅದನ್ನು ಬರೆದು ಕಳಿಸುವ ಧೈರ್ಯ ನನಗಿಲ್ಲ.

ಹೋದ ವಾರ ಬೆಂಗಳೂರಿನ ತಂಗಿಯ ಫೋನು. "ಅಕ್ಕಾ, ನೀನು ಬೇರೆ ಯಾವುದೋ ಗಿಡ ಕೊಟ್ಟಿದೀಯ. ತಾಮ್ರದ ಬಣ್ಣ ಅಂದಿದ್ದೆ, ಇದು ಬರೀ ಹಳದಿ." ಫೋಟೋ ಕಳಿಸಿದಳು. ನಡುವಿನ ಕಣ್ಣು ಅದೇ, ಅಂಚಿನ ಗೆರೆ ಅದೇ. ತಾರಸಿಯ ಏಪ್ರಿಲ್ ಬಿಸಿಲಿಗೆ ಕೆಂಪೆಲ್ಲ ತೆಳುವಾಗಿದೆ, ಈ ಹೂಗಳು ಸೆಕೆಯಲ್ಲೊಂದು ಬಣ್ಣ ಚಳಿಯಲ್ಲೊಂದು ಬಣ್ಣ. ಸಂಕ್ರಾಂತಿವರೆಗೆ ಕಾಯಿ, ಅಲ್ಲಿಯವರೆಗೆ ಮಧ್ಯಾಹ್ನದ ಬಿಸಿಲು ತಪ್ಪಿಸು ಅಂದೆ.

"ಸಂಕ್ರಾಂತಿಗೂ ಹಳದಿನೇ ಇದ್ರೆ?"

"ವಾಪಸ್ ತಂದ್ಕೊಡು, ಅತ್ತೆ ಬೇಲಿಗೆ ಹಾಕ್ತಾರೆ" ಅಂದೆ.