ಮರದ ಕಾರಿಗೊಂದು ಕ್ಯಾರಿಯರ್

ಕಾರಿನ ನೆತ್ತಿಯ ಮೇಲೆ ಸಾಮಾನು ಹೊರಿಸಲು ಬಿಗಿಯುವ ಚೌಕಟ್ಟನ್ನು ನಮ್ಮೂರಿನಲ್ಲಿ ಕ್ಯಾರಿಯರ್ ಎನ್ನುತ್ತೇವೆ. ಅಂಬಾಸಡರ್ ಬಾಡಿಗೆ ಕಾರುಗಳ ಕಾಲದಲ್ಲಿ ಅದಿಲ್ಲದ ಕಾರನ್ನು ಕಾಸರಗೋಡಿನ ಪೇಟೆಯಲ್ಲಿ ಹುಡುಕಬೇಕಿತ್ತು. ಅಡಿಕೆಯ ಗೋಣಿ, ಮದುವೆ ಮನೆಯ ಪಾತ್ರೆ, ಆಸ್ಪತ್ರೆಗೆ ಹೊರಟವರ ಹಾಸಿಗೆ, ಎಲ್ಲವೂ ಅದರ ಮೇಲೆ ಪ್ರಯಾಣ ಮಾಡುತ್ತಿದ್ದವು. ಚಾಲಕನೂ ಸಹಾಯಕನೂ ಸೇರಿದರೆ ಅದನ್ನು ಕೂರಿಸುವುದು ಅರ್ಧ ಗಂಟೆಯ ಕೆಲಸ. ಕಳೆದ ಬೇಸಗೆ ರಜೆಯಲ್ಲಿ ಇಂಗ್ಲೆಂಡಿನ ಅಕ್ಕನ ಮನೆಯಲ್ಲಿದ್ದಾಗ, ಭಾವನ ಕಾರಿಗೆ ಅಂಥದೇ ಒಂದು ಕ್ಯಾರಿಯರನ್ನು ಜೋಡಿಸಲು ಐದು ವಾರ ಹಿಡಿಯಿತು.

ಕಾರು 1967ರ ಮಾರಿಸ್ ಮೈನರ್ ಟ್ರಾವೆಲರ್. ಅಲೆಕ್ ಇಸಿಗೋನಿಸ್ ರೂಪಿಸಿದ ಮೈನರ್ 1948ರಲ್ಲಿ ಹೊರಬಂತು. 1953ರಲ್ಲಿ ಅದರ ಹಿಂಭಾಗವನ್ನು ಉದ್ದಕ್ಕೆ ಬೆಳೆಸಿ, ಹಿಂದಿನಿಂದ ಎರಡು ಕದಗಳ ಬಾಗಿಲಿಟ್ಟು, ಟ್ರಾವೆಲರ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ತಂದರು. 1971ರವರೆಗೂ ಅದು ತಯಾರಾಗುತ್ತಿತ್ತು. ಕುಟುಂಬವೂ ಸಾಮಾನೂ ಒಟ್ಟಿಗೆ ಸಾಗಬಲ್ಲ ಇಂಥ ಕಾರನ್ನು ಬ್ರಿಟನ್ನಿನಲ್ಲಿ ಎಸ್ಟೇಟ್ ಕಾರು ಎನ್ನುತ್ತಾರೆ. ನಮಗೆ ಈ ವಂಶ ಅಪರಿಚಿತವಲ್ಲ. ನಮ್ಮ ಅಂಬಾಸಡರ್ ಮಾರಿಸ್ ಆಕ್ಸ್‌ಫರ್ಡಿನ ಮೂರನೆಯ ಶ್ರೇಣಿಯ ನೇರ ಸಂತಾನ. ಮೈನರ್ ಅದೇ ಮನೆತನದ ಚಿಕ್ಕ ಕುಡಿ. ಬಾನೆಟ್ಟಿನ ದುಂಡನ್ನು ಕಂಡಾಗಲೇ ಊರಿನವರೊಬ್ಬರು ಎದುರಾದಂತೆನಿಸಿತು.

ಆದರೆ ಮುಂಬಾಗಿಲುಗಳನ್ನು ದಾಟಿದ ಮೇಲೆ ಟ್ರಾವೆಲರ್ ಬೇರೆಯದೇ ವಸ್ತು. ಅಲ್ಲಿಂದ ಹಿಂದಕ್ಕೆ ಅದರ ಒಡಲು ಮರದ್ದು. ಆ್ಯಶ್ ಮರದ ಕಂಬಗಳು, ತೊಲೆಗಳು, ಅಡ್ಡಪಟ್ಟಿಗಳು. ನಡುನಡುವೆ ಅಲ್ಯೂಮಿನಿಯಂ ತಗಡು. ಇಂಗ್ಲೆಂಡಿನ ಹಳೆಯ ಪೇಟೆಗಳಲ್ಲಿ ಮರದ ತೊಲೆಗಳ ನಡುವೆ ಸುಣ್ಣದ ಗೋಡೆಯಿರುವ ಮನೆಗಳಿವೆ. ಅಂಥ ಮನೆಗೆ ಗಾಲಿ ಬಂದಿದೆ ಎಂದು ಈ ಕಾರನ್ನು ಕಂಡವರು ತಮಾಷೆ ಮಾಡುವುದುಂಟು. ತಮಾಷೆಯೊಳಗೆ ನಿಜವೂ ಇದೆ: ಮರವನ್ನು ತೆಗೆದರೆ ಮಾಡು ನಿಲ್ಲುವುದಿಲ್ಲ. ಅದೇ ಇಸಿಗೋನಿಸ್ ಮುಂದೆ ರೂಪಿಸಿದ ಮಿನಿ ಕಾರಿನ ಉದ್ದನೆಯ ಮಾದರಿಯಲ್ಲೂ 1960ರ ದಶಕದಲ್ಲಿ ಇಂಥ ಮರದ ಪಟ್ಟಿಗಳಿದ್ದವು. ಅಲ್ಲಿ ಒಡಲೆಲ್ಲ ಉಕ್ಕು; ಮರವನ್ನು ಹೊರಗಿನಿಂದ ಕೂರಿಸಿದ್ದು ಚೆಲುವಿಗಾಗಿ. ಕಾವ್ಯಮೀಮಾಂಸೆಯ ತರಗತಿಯಲ್ಲಿ ನಾವು ಓದಿದ್ದೇವಲ್ಲ, ಆನಂದವರ್ಧನ ಅಲಂಕಾರಗಳನ್ನು ಅಂಗದ ಮೇಲೆ ತೊಟ್ಟ ಕಡಗಕ್ಕೆ ಹೋಲಿಸುತ್ತಾನೆ ಎಂದು. ಮಿನಿಯ ಮರ ಕಡಗ, ಮೈನರಿನ ಮರ ಎಲುಬು. ನೋಡುವ ಕಣ್ಣಿಗೆ ಎರಡೂ ಒಂದೇ ಬಗೆ.

ಆ್ಯಶ್ ಮರ ನಮ್ಮ ಕಡೆ ಬೆಳೆಯುವುದಿಲ್ಲವಾದರೂ ನೀವು ಅದನ್ನು ದೂರದಿಂದಾದರೂ ನೋಡಿರುತ್ತೀರಿ. ಕ್ರಿಕೆಟ್ಟಿನ ಸ್ಟಂಪುಗಳಿಗೆ ಸಂಪ್ರದಾಯದಿಂದ ಬಳಸುವುದು ಅದನ್ನೇ. ಎಳೆ ನೇರ, ಬಣ್ಣ ತಿಳಿ, ಪೆಟ್ಟು ಬಿದ್ದರೆ ಬಳುಕಿ ತಡೆದುಕೊಳ್ಳುವ ಗುಣ. ಕೊಡಲಿಯ ಹಿಡಿಗೂ ದೋಣಿಯ ಹುಟ್ಟಿಗೂ ಅದನ್ನು ಆರಿಸಿಕೊಂಡದ್ದು ಆ ಗುಣಕ್ಕಾಗಿ. ಆದರೆ ನೀರಿನೊಂದಿಗೆ ಅದಕ್ಕೆ ಸ್ನೇಹವಿಲ್ಲ. ತೇಗದಂತೆಯೋ ಹೆಬ್ಬಲಸಿನಂತೆಯೋ ಅದು ಮಳೆಯನ್ನು ಸಹಿಸದು. ವಾರ್ನಿಷ್ ಬಿರುಕು ಬಿಟ್ಟ ಕಡೆ ತೇವ ಇಳಿದು, ಮೊದಲು ಕಪ್ಪಾಗಿ ಆಮೇಲೆ ಮೆತ್ತಗಾಗುತ್ತದೆ. ಟ್ರಾವೆಲರಿನ ಜಾರುಕಿಟಕಿಯ ಗಾಡಿಯಲ್ಲಿ ಪಾಚಿ ಬೆಳೆಯುವುದು ಅಲ್ಲಿನ ಮಾಲೀಕರೆಲ್ಲ ಬಲ್ಲ ಸಂಗತಿ. ಆಷಾಢದ ಮಳೆಗೆ ಮುರಕಲ್ಲಿನ ಗೋಡೆ ಹಸಿರಾಗುವುದನ್ನು ಕಂಡು ಬೆಳೆದ ನನಗೆ ಅದರಲ್ಲಿ ಹೊಸತೇನೂ ಇರಲಿಲ್ಲ.

ಇಷ್ಟಕ್ಕೂ ಕ್ಯಾರಿಯರ್ ಬೇಕಾದದ್ದು ಅಕ್ಕನ ಮಗಳಿಗೆ. ಮೇ ತಿಂಗಳ ಕೊನೆಯ ವಾರ ಇಬ್ಬರು ಮಕ್ಕಳನ್ನು ಕರೆದುಕೊಂಡು ವೇಲ್ಸಿನ ಕಡಲ ತೀರಕ್ಕೆ ಹೋಗಬೇಕೆಂಬುದು ಅವಳ ಯೋಜನೆ. ಅವಳೇ ಮಗುವಾಗಿದ್ದಾಗ ಇದೇ ಕಾರಿನ ಹಿಂದಿನ ಆಸನದಲ್ಲಿ ಅಲ್ಲಿಗೆ ಹೋಗಿದ್ದಳಂತೆ. ಮಕ್ಕಳು ಕುಳಿತರೆ ಹಿಂದೆ ಉಳಿಯುವ ಜಾಗ ಪೆಟ್ಟಿಗೆಗಳಿಗೇ ಸಾಲದು. ಡೇರೆಯೂ ಹಾಸಿಗೆಯೂ ಮೇಲೇರಲೇಬೇಕು. ಅದಕ್ಕಾಗಿ ಆ ಕಾಲದ ಶೈಲಿಯಲ್ಲಿ ಹೊಸದಾಗಿ ಮಾಡಿದ ಕ್ಯಾರಿಯರೊಂದನ್ನು ಅವಳು ತಂದೆಗೆ ಉಡುಗೊರೆ ಕೊಟ್ಟಳು. ಉಕ್ಕಿನ ಕೊಳವೆಯ ಅಂಚು, ನಡುವೆ ವಾರ್ನಿಷ್ ಬಳಿದ ಆ್ಯಶ್ ಪಟ್ಟಿಗಳು, ಪಕ್ಕಕ್ಕೆ ಮೂರರಂತೆ ಆರು ಕಾಲುಗಳು, ಪ್ರತಿ ಕಾಲಿಗೂ ಕೊಕ್ಕೆ ಮತ್ತು ಕೈಯಿಂದ ತಿರುಗಿಸಬಹುದಾದ ಕಿವಿಯ ನಟ್ಟು. ಸ್ನಾನದ ಮನೆಯ ತಕ್ಕಡಿಯಲ್ಲಿಟ್ಟು ತೂಗಿದೆವು: 11 ಕಿಲೋ.

ಹೊಸ ವಸ್ತುವನ್ನು ಹಳೆಯದರ ವೇಷದಲ್ಲಿ ಕೂರಿಸುವುದು ಸರಿಯೇ ಎಂದು ನಾನು ಭಾವನನ್ನು ಕೇಳಿದೆ. ಅವರು ನಕ್ಕರು. ಕ್ಯಾರಿಯರನ್ನು ಕಾರ್ಖಾನೆ ಎಂದೂ ಕೊಟ್ಟದ್ದಲ್ಲ, ಕಾರು ಕೊಂಡವರು ಅಂಗಡಿಯಲ್ಲಿ ತಮಗೆ ಸರಿಕಂಡದ್ದನ್ನು ತಂದು ಬಿಗಿದುಕೊಂಡರು, ಆದ್ದರಿಂದ ಇಂದು ತಂದು ಬಿಗಿದರೂ ಅದು ಅದೇ ಸಂಪ್ರದಾಯ ಎಂದರು. ಈ ವಾದದಲ್ಲಿ ಸ್ವಲ್ಪ ಜಾಣತನವಿದೆ, ಆದರೂ ಒಪ್ಪಬಹುದು.

ಕೊಕ್ಕೆ ಹಿಡಿಯಬೇಕಾದದ್ದು ಮಾಡಿನ ಅಂಚಿನಲ್ಲಿ ಮಳೆನೀರು ಹರಿಯಲು ಮಾಡಿದ ಕಿರುಗಾಲುವೆಯನ್ನು. ಅದಕ್ಕೆ ಭಾವ ಈಗಲೂ ದಂಬೆ ಎಂದೇ ಅನ್ನುತ್ತಾರೆ. ಅಡಿಕೆ ಮರವನ್ನು ಸೀಳಿ ತಿರುಳು ತೆಗೆದ ದಂಬೆಯಲ್ಲಿ ತೋಟಕ್ಕೆ ನೀರು ಹಾಯಿಸಿದ ಕೈಗಳು ಅವರವು. ಅಂಬಾಸಡರಿನಲ್ಲಿ ದಂಬೆ ಉದ್ದಕ್ಕೂ ಉಕ್ಕಿನದು, ಮಾಡಿನೊಂದಿಗೆ ಒಂದೇ ಮೈ. ಟ್ರಾವೆಲರಿನಲ್ಲಿ ಮುಂದಿನ ಭಾಗ ಮಾತ್ರ ಹಾಗೆ. ಹಿಂದಿನ ದಂಬೆ ಅಲ್ಯೂಮಿನಿಯಂ ಪಟ್ಟಿ. ಅದನ್ನು ಹಿಡಿದಿರುವುದು ಮರದ ಮೇಲ್ತೊಲೆ. ಅಂದರೆ ಆರು ಕಾಲುಗಳಲ್ಲಿ ಮುಂದಿನೆರಡು ಉಕ್ಕನ್ನು ನಂಬಿದರೆ ಉಳಿದ ನಾಲ್ಕು ಅರ್ಧ ಶತಮಾನಕ್ಕೂ ಹಳೆಯ ಮರವನ್ನು ನಂಬಬೇಕು. ಮೇಲಿನ ಭಾರ ಕೆಳಕ್ಕೆ ಒತ್ತುವುದಷ್ಟೇ ಅಲ್ಲ. ವೇಗದಲ್ಲಿ ಗಾಳಿ ಅದನ್ನು ಮೇಲಕ್ಕೆತ್ತುತ್ತದೆ, ತಿರುವಿನಲ್ಲಿ ಅದು ಪಕ್ಕಕ್ಕೆಳೆಯುತ್ತದೆ.

ಬ್ರಿಟನ್ನಿನಲ್ಲಿ ಕಾರುಗಳಿಗೆ ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆಯಿದೆ. ಟ್ರಾವೆಲರಿನ ಮರವನ್ನು ಅಲ್ಲಿ ಒಡಲಿನ ಭಾಗವೆಂದೇ ಎಣಿಸುತ್ತಾರೆ. ಕೊಳೆತಿದ್ದರೆ ಕಾರು ಅನುತ್ತೀರ್ಣ. ಆದರೆ 2018ರ ಮೇ ತಿಂಗಳಿನಿಂದ, 40 ವರ್ಷ ದಾಟಿದ ಮತ್ತು ಹೆಚ್ಚಿನ ಮಾರ್ಪಾಟು ಮಾಡದ ವಾಹನಗಳಿಗೆ ಆ ತಪಾಸಣೆಯಿಂದ ವಿನಾಯಿತಿ ಸಿಕ್ಕಿದೆ. ಕಾರು ರಸ್ತೆಗೆ ಯೋಗ್ಯವಾಗಿರಬೇಕಾದ ಹೊಣೆ ಮಾತ್ರ ಮಾಲೀಕನದೇ. ಎಲ್ಲ ಸರಿಯಿದೆ ಎಂದು ಚೀಟಿ ಬರೆದುಕೊಡುವವರು ಇಲ್ಲವಾದಾಗ ಆ ಹೊಣೆ ಎಷ್ಟು ಭಾರವಾಗುತ್ತದೆಂಬುದನ್ನು ನಾನು ಭಾವನ ಮುಖದಲ್ಲಿ ಕಂಡೆ. "ಕಾನೂನು ಬಿಟ್ಟಿದೆ ಭಾವ, ಮಳೆ ಬಿಟ್ಟಿಲ್ಲವಲ್ಲ" ಎನ್ನುತ್ತಾ ಅವರು ಏಣಿ ತಂದರು.

ಪರೀಕ್ಷೆಯ ಸಾಧನಗಳು ಎರಡೇ: ಒಂದು ಮರದ ಸುತ್ತಿಗೆ, ಒಂದು ದಬ್ಬಳ. ಹಲಸಿನ ಹಣ್ಣನ್ನು ತಟ್ಟಿ ನೋಡುವ ಹಾಗೆ ತೊಲೆಯನ್ನು ಗೇಣುಗೇಣಿಗೂ ತಟ್ಟುತ್ತ ಹೋದೆವು. ಬಲಗಡೆ ಪೂರ್ತಿ ಗಟ್ಟಿ ದನಿ. ಎಡಗಡೆ ಹಿಂದಿನ ಮೂಲೆಗೆ ಒಂದೂವರೆ ಅಡಿ ಇರುವಾಗ ದನಿ ಮಂಕಾಯಿತು. ಕಪ್ಪು ಕಲೆ ಅಂಗೈಯಷ್ಟೂ ಇರಲಿಲ್ಲ. ಭಾವ ದಬ್ಬಳವನ್ನು ಮೆಲ್ಲಗೆ ಒತ್ತಿದರು. ಒಂದು ಅಂಗುಲ, ತಡೆಯೇ ಇಲ್ಲದೆ, ಇಳಿಯಿತು. ಮೂರನೆಯ ಕಾಲು ಕೂರಬೇಕಾದ ಜಾಗ ಸರಿಯಾಗಿ ಅದೇ.

ಆ ಸಂಜೆ ಮನೆಯಲ್ಲಿ ಮಾತು ಬಿಸಿಯಾಯಿತು. "ಮೇಲೆ ಹೋಗುವುದು ಬರೀ ಡೇರೆ, ಹಾಸಿಗೆ. ಇಷ್ಟು ವರ್ಷ ನಿಂತ ಮರ ಇನ್ನೊಂದು ವಾರ ನಿಲ್ಲದೇ ಅಪ್ಪ?" ಎಂದು ಮಗಳು. ನಿಂತದ್ದು ತನ್ನ ಭಾರವನ್ನು ಮಾತ್ರ ಹೊತ್ತು ಎಂದು ತಂದೆ. ನನ್ನ ಅಭಿಪ್ರಾಯ ಕೇಳಲೆಂದು ಅವಳು "ಮಾವ, ನೀವು ಹೇಳಿ" ಎಂದಾಗ ನಾನು ಭಾವನ ಕಡೆಗೇ ನಿಂತೆ. ಹಿಂದಿನ ಆಸನದಲ್ಲಿ ಕೂರುವ ಇಬ್ಬರನ್ನು ಬಿಟ್ಟರೆ ಬೇರೆ ಕಾರಣ ಬೇಕಿರಲಿಲ್ಲ. ಅವಳು ಎರಡು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಈ ಕಾರುಗಳ ಮರಗೆಲಸವನ್ನೇ ಮಾಡುವ ಬಡಗಿಯೊಬ್ಬರು ಬಂದರು. ಕೊಳೆತಷ್ಟನ್ನೇ ಕತ್ತರಿಸಿ ತುಂಡು ಕೂಡಿಸಿದರಾಗದೇ ಎಂದು ಕೇಳಿದೆವು. ಅವರು ತಲೆಯಾಡಿಸಿದರು: ಸಂದು ಬರುವುದು ಕಾಲಿನ ಕೆಳಗೇ, ಬಗ್ಗುವಾಗ ಮೊದಲು ಬಾಯಿಬಿಡುವುದು ಸಂದೇ. ಎಡಗಡೆಯ ಇಡೀ ಮೇಲ್ತೊಲೆ ಹೊಸದಾಗಬೇಕು. ಟ್ರಾವೆಲರಿನ ಮರದ ಅಂಗಗಳು ಅಳತೆಗೆ ಕೊರೆದು ಸಿದ್ಧವಾಗಿ ದೊರೆಯುವುದರಿಂದ ಅದು ಸಾಧ್ಯವಾಯಿತು. ಆದರೂ ಮಾಡಿನ ತಗಡಿನ ಅಂಚನ್ನು ಬಿಡಿಸಿ, ಹಳೆಯ ತೊಲೆ ಇಳಿಸಿ, ಹೊಸತನ್ನು ಕಂಬಗಳಿಗೆ ಕೂಡಿಸಲು ಒಂಬತ್ತು ದಿನ ಬೇಕಾಯಿತು. ಖರ್ಚು ಕ್ಯಾರಿಯರಿನ ಬೆಲೆಯನ್ನು ಎಷ್ಟೋ ಪಟ್ಟು ಮೀರಿತು. ಕೆಲಸದ ನಡುವೆ ಅವರು ಒಂದು ವಿಷಾದದ ಮಾತನ್ನೂ ಹೇಳಿದರು. ಬ್ರಿಟನ್ನಿನ ಆ್ಯಶ್ ಮರಗಳಿಗೆ ಶಿಲೀಂಧ್ರ ರೋಗ ತಗಲಿದ್ದನ್ನು 2012ರಲ್ಲಿ ಗುರುತಿಸಿದ್ದು, ಈಗ ಕಾಡಿನ ಅಂಚುಗಳಲ್ಲಿ ಒಣಗಿದ ನೆತ್ತಿಗಳೇ ಕಾಣುತ್ತವಂತೆ. ಕೊಳೆರೋಗದ ಊರಿನಿಂದ ಹೋದವನಿಗೆ ಹೆಚ್ಚು ವಿವರಣೆ ಬೇಕಿರಲಿಲ್ಲ.

ಹೊಸ ತೊಲೆ ಬೆಳ್ಳಗೆ, ಅಕ್ಕಪಕ್ಕದ ಕಂಬಗಳು ಜೇನಿನ ಬಣ್ಣ. ಬಣ್ಣ ಹಚ್ಚಿ ಹೊಂದಿಸಲು ಬಡಗಿ ಒಪ್ಪಲಿಲ್ಲ. ಬಣ್ಣವಿಲ್ಲದ ವಾರ್ನಿಷ್ ಮಾತ್ರ ಬಳಿದು, ಮುಂದಿನದನ್ನು ಬಿಸಿಲು ನೋಡಿಕೊಳ್ಳುತ್ತದೆ ಎಂದರು. ನನಗಿದು ಬಹಳ ಹಿಡಿಸಿತು. ಹುಳು ತಿಂದ ಗರಿಯಲ್ಲಿ ಕಳೆದುಹೋದ ಅಕ್ಷರವನ್ನು ಒಳ್ಳೆಯ ಸಂಪಾದಕ ಊಹಿಸಿ ತುಂಬುತ್ತಾನೆ, ಆದರೆ ಕಂಸದೊಳಗಿಡುತ್ತಾನೆ. ಆ ಬಿಳಿ ತೊಲೆ ಸದ್ಯಕ್ಕೆ ಕಂಸದೊಳಗಿದೆ.

ಕ್ಯಾರಿಯರ್ ಏರಿದ್ದು ಹೊರಡುವುದಕ್ಕೆ ಎರಡು ದಿನ ಮೊದಲು. ಉಕ್ಕಿನ ಕೊಕ್ಕೆ ಅಲ್ಯೂಮಿನಿಯಂ ದಂಬೆಯನ್ನು ನೇರವಾಗಿ ಮುಟ್ಟಕೂಡದು. ಎರಡು ಲೋಹಗಳ ನಡುವೆ ಮಳೆನೀರು ನಿಂತರೆ ಅಲ್ಯೂಮಿನಿಯಂ ಸವೆಯುತ್ತದೆ. ಪ್ರತಿ ಕಾಲಿನ ಕೆಳಗೂ ರಬ್ಬರ್ ಪಟ್ಟಿ ಕತ್ತರಿಸಿ ಇಟ್ಟೆವು. ಎದುರುಬದುರಿನ ಎರಡು ನಟ್ಟುಗಳನ್ನು ಇಬ್ಬರೂ ಒಟ್ಟಿಗೆ, ಸ್ವಲ್ಪಸ್ವಲ್ಪವೇ ಬಿಗಿದೆವು. ಒಂದೇ ಕಡೆ ಮೊದಲು ಬಿಗಿದರೆ ಚೌಕಟ್ಟು ವಾರೆಯಾಗಿ ದಂಬೆಯನ್ನು ಹಿಂಡುತ್ತದೆ. ಮೇಲೆ 25 ಕಿಲೋಗಿಂತ ಹೆಚ್ಚು ಇಡಬಾರದೆಂಬುದು ಭಾವನ ಕಟ್ಟಪ್ಪಣೆ. 1098 ಸಿಸಿಯ, 48 ಅಶ್ವಶಕ್ತಿಯ ಎಂಜಿನ್ನೂ ನಾಲ್ಕೂ ಗಾಲಿಗೆ ಡ್ರಮ್ ಬ್ರೇಕೂ ಇರುವ ಕಾರಿಗೆ ನೆತ್ತಿಭಾರ ಒಳ್ಳೆಯದಲ್ಲ. ಪೆಟ್ಟಿಗೆಗಳು ಒಳಗೆ ನೆಲದ ಮೇಲೆ, ಡೇರೆ ಮತ್ತು ಹಾಸಿಗೆ ಟಾರ್ಪಾಲಿನ ಕೆಳಗೆ ಮೇಲೆ. ಅಕ್ಕ ಅವಲಕ್ಕಿಯ ಡಬ್ಬವನ್ನೂ ಮೇಲಿಡಲು ನೋಡಿದಳು, ಅನುಮತಿ ಸಿಗಲಿಲ್ಲ.

ರಬ್ಬರು ಭಾರಕ್ಕೆ ಕುಗ್ಗುವುದರಿಂದ ಸ್ವಲ್ಪ ದೂರ ಹೋದ ಮೇಲೆ ನಟ್ಟುಗಳನ್ನು ಮತ್ತೆ ನೋಡಲೇಬೇಕು. ಆ ಒಂದು ನಿಲುಗಡೆಗಾಗಿ ಭಾವನೂ ನಾನೂ ಇನ್ನೊಂದು ಕಾರಿನಲ್ಲಿ ಹಿಂಬಾಲಿಸಿದೆವು. ಇಪ್ಪತ್ತು ಮೈಲಿಯಾದ ಮೇಲೆ ಅವಳು ರಸ್ತೆಬದಿಯ ವಿಶಾಲ ಜಾಗವೊಂದರಲ್ಲಿ ನಿಲ್ಲಿಸಿದಳು. ಮಕ್ಕಳು ಕಿಟಕಿಯ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದರು. ಭಾವ ಬಲಗಡೆಯಿಂದ ಆರಂಭಿಸಿ ಒಂದೊಂದನ್ನೇ ಕೈಯಲ್ಲಿ ಹಿಡಿದು ನೋಡಿದರು. ಐದು ಅಲುಗಲಿಲ್ಲ. ಎಡಗಡೆಯ ಮೂರನೆಯದು ಅರ್ಧ ಸುತ್ತು ತಿರುಗಿ, ನಿಂತಿತು.