ದೈವದ ಭರವಸೆ, ದೆವ್ವದ ಭೀತಿ

ದೇವರನ್ನು ನಂಬುವ ಮನೆಯಲ್ಲಿ ದೆವ್ವವನ್ನೂ ನಂಬುವದು ರೂಢಿಯಾಗಿದೆ. ಒಳಿತನ್ನು ಮಾಡುವ ಕಾಣದ ಶಕ್ತಿಯೊಂದಿದ್ದರೆ ಕೆಡಕನ್ನು ಮಾಡುವದೂ ಒಂದಿರಬೇಕಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಮಾತು ತರ್ಕಕ್ಕೆ ಒಪ್ಪುವಂತೆಯೇ ತೋರುವದು. ಆದರೆ ಈ ಎರಡು ನಂಬಿಗೆಗಳು ಸಂಸಾರದಲ್ಲಿ ಮಾಡುವ ಕೆಲಸವು ಒಂದೇ ಬಗೆಯದಲ್ಲ ಎಂಬದನ್ನು ವಾಚಕರು ವಿಚಾರಿಸಿ ನೋಡಬೇಕು.

ರಾಯಚೂರು ಜಿಲ್ಲೆಯಲ್ಲಿ ದೇವದುರ್ಗದ ಸೀಮೆಗೆ ಸೇರಿದ ಅರಕೇರಾ ನನ್ನ ತಾಯಿಯ ತವರು. ಕೃಷ್ಣಾ ತುಂಗಭದ್ರೆಗಳ ನಡುವಣ ಆ ಪ್ರದೇಶವು ದಾಸರ ನಾಡು. ದೇವದುರ್ಗದ ಬಳಿಯ ಮೊಸರಕಲ್ಲು ಗೋಪಾಲದಾಸರ ಹುಟ್ಟೂರು. ಮಾನವಿಯ ಕಡೆಯ ಚೀಕಲಪರವಿ ವಿಜಯದಾಸರದು. ಹರಿಕಥಾಮೃತಸಾರವನ್ನು ರಚಿಸಿದ ಜಗನ್ನಾಥದಾಸರು ಬಾಳಿದ್ದು ಮಾನವಿಯಲ್ಲಿ. ತರುಣ ಪಂಡಿತರಾಗಿದ್ದ ಜಗನ್ನಾಥದಾಸರು ಉದರವ್ಯಾಧಿಯಿಂದ ಸಾಯುವಂತಾದಾಗ, ವಿಜಯದಾಸರ ಅಪ್ಪಣೆಯಂತೆ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಅವರಿಗೆ ಧಾರೆಯೆರೆದರೆಂದು ಅಲ್ಲಿ ಹೇಳುವರು. ಆಯುಷ್ಯವನ್ನು ದಾನಮಾಡಲು ಬರುವದೋ ಇಲ್ಲವೋ, ಆ ಕಥೆಯನ್ನು ಕೇಳಿ ಬೆಳೆದ ಮಗುವಿಗೆ ತನ್ನದನ್ನು ಕೊಟ್ಟು ಪರರನ್ನು ಉಳಿಸುವದೇ ದೊಡ್ಡದೆಂಬ ಸಂಸ್ಕಾರವಂತೂ ಬರುವದು.

ಅದೇ ನೆಲದಲ್ಲಿ ಭಾನಾಮತಿಯೆಂಬ ಇನ್ನೊಂದು ಮಾತೂ ಬಹುಕಾಲದಿಂದ ಬೇರುಬಿಟ್ಟಿದೆ. ಬೀದರ, ಕಲಬುರಗಿ, ರಾಯಚೂರು ಕಡೆಯವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಮಡಿಚಿಟ್ಟ ಸೀರೆಗೆ ತಾನಾಗಿ ಬೆಂಕಿ ಹತ್ತಿತು, ಮಾಳಿಗೆಯ ಮೇಲೆ ಕಲ್ಲು ಬಿದ್ದವು, ಸೊಸೆಯು ನಾಯಿಯಂತೆ ಬೊಗಳಿದಳು ಎಂದೊಡನೆ ಈ ಹೆಸರು ಹೊರಡುವದು. ಹೊರಟ ಮೇಲೆ ಜನರು ಕೇಳುವದು “ಏನಾಯಿತು?” ಎಂದಲ್ಲ, “ಯಾರು ಮಾಡಿಸಿದರು?” ಎಂದು. ಎರಡು ನಂಬಿಗೆಗಳ ದಾರಿ ಕವಲೊಡೆಯುವದು ಇಲ್ಲಿಯೇ. ದೈವವನ್ನು ನಂಬಿದವನು ಕೈಮುಗಿದರೆ ಸಾಕು. ಮಾಟವನ್ನು ನಂಬಿದವನಿಗೆ ಒಬ್ಬ ಅಪರಾಧಿ ಬೇಕು. ಆ ಅಪರಾಧಿಯು ಹೆಚ್ಚಾಗಿ ಗಂಡನಿಲ್ಲದ, ಮಕ್ಕಳಿಲ್ಲದ, ತನ್ನ ಪರವಾಗಿ ಮಾತನಾಡುವವರಿಲ್ಲದ ಹೆಂಗಸೇ ಆಗಿರುವಳು.

ನನ್ನ ಬಾಲ್ಯದಲ್ಲಿ ಅಜ್ಜಿಯ ಓಣಿಯಲ್ಲಿ ಅಂತಹ ಮುದುಕಿಯೊಬ್ಬಳಿದ್ದಳು. ಒಂದು ಮನೆಯ ಎಮ್ಮೆಯು ಹಾಲು ಕೊಡುವದನ್ನು ನಿಲ್ಲಿಸಿತು. ಇನ್ನೊಂದು ಮನೆಯ ಕೂಸು ಜ್ವರದಿಂದ ನರಳಿತು. ಎರಡಕ್ಕೂ ಆಕೆಯೇ ಕಾರಣವೆಂದರು. ಆಕೆ ಬಾವಿಗೆ ಬಂದರೆ ಉಳಿದವರು ಕೊಡಗಳನ್ನು ಎತ್ತಿಕೊಂಡು ಹೋಗತೊಡಗಿದರು. ನನ್ನ ಅಜ್ಜಿಯೇನೂ ನಾಸ್ತಿಕಳಲ್ಲ. ಅಮಾವಾಸ್ಯೆಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವಳು. ಮೊಹರಮ್ಮಿನಲ್ಲಿ ಅಲಾಯಿ ದೇವರಿಗೆ ಸಕ್ಕರೆ ಓದಿಸುವಳು. ಆದರೂ ನನ್ನ ತಮ್ಮನನ್ನು ತೊಟ್ಟಿಲಿಗೆ ಹಾಕುವ ದಿನ, ಓಣಿಯ ಹೆಂಗಸರೆಲ್ಲ ಕೂಡಿದ್ದಾಗ, ಆ ಮುದುಕಿಯನ್ನು ಕರೆಸಿ, “ಬಾ ಯಕ್ಕಾ, ಕೂಸಿನ ನೆತ್ತಿಗೆ ಮೊದಲು ನೀನೇ ಎಣ್ಣಿ ಒತ್ತು” ಎಂದಳು. ಮುದುಕಿಯ ಕೈ ನಡುಗುತ್ತಿತ್ತು. ಕೂಸು ಸುಮ್ಮನೆ ಮಲಗಿತ್ತು. ಮರುದಿನದಿಂದ ಓಣಿಯೆಲ್ಲ ಬದಲಾಯಿತೆಂದು ಹೇಳಲಾರೆ, ಕೆಲವರು ಬದಲಾಗಲಿಲ್ಲ. ಆದರೆ ಬಾವಿಯ ಕಟ್ಟೆಯಲ್ಲಿ ಆಕೆಗೆ ಕೊಡ ಹೊರಿಸಲು ಒಂದೆರಡು ಕೈಗಳು ಮುಂದೆ ಬಂದವು.

ಮೈಮೇಲೆ ಬರುವದೂ ಬೊಗಳುವದೂ ಅನೇಕ ವೇಳೆ ಒಳಗೇ ನುಂಗಿಕೊಂಡ ದುಃಖದ ರೂಪವೆಂದು ಮನೋವೈದ್ಯರು ಇಂದು ತಿಳಿದು ಚಿಕಿತ್ಸೆ ಮಾಡುವರು. ಎಮ್ಮೆಯ ಹಾಲು ಬತ್ತುವದಕ್ಕೆ ಕೆಚ್ಚಲುಬಾವು, ಮೇವಿನ ಕೊರತೆ ಮೊದಲಾದ ಕಾರಣಗಳುಂಟು. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕರ್ನಾಟಕದ 2017ರ ಕಾಯಿದೆಯು 2020ರ ಜನವರಿಯಲ್ಲಿ ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆವದಿಂದ ಹೊಡೆಯುವದು, ಹಾವು ಕಚ್ಚಿದವರನ್ನು ಔಷಧಕ್ಕೆ ಹೋಗಗೊಡದೆ ಮಂತ್ರ ಹಾಕುವದು ಅದರಂತೆ ಅಪರಾಧಗಳು. ಪೂಜೆ, ಯಾತ್ರೆ, ಭಜನೆ, ಹರಿಕಥೆಗಳಿಗೆ ಅದರ ಅಡ್ಡಿಯಿಲ್ಲ. ಭಕ್ತಿಗೂ ಪರಪೀಡೆಗೂ ನಡುವೆ ಕಾಯಿದೆಯು ಎಳೆದ ಈ ಗೆರೆಯನ್ನು, ಅಕ್ಷರವರಿಯದ ನನ್ನ ಅಜ್ಜಿಯು ತನ್ನ ಅಂಗಳದಲ್ಲಿ ಎಂದೋ ಎಳೆದಿದ್ದಳು.

ಸಂಜೆ ದೇವರ ಮುಂದೆ ದೀಪ ಹಚ್ಚುವ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೇ: ಮನೆಗೆ ಕಷ್ಟ ಬಂದಾಗ ಯಾರ ಹೆಸರನ್ನೂ ಎತ್ತಬೇಡಿರಿ. ಮೊದಲು ವೈದ್ಯರನ್ನು ಕಾಣಿರಿ. ಬಳಿಕ ಮನಸ್ಸಿದ್ದರೆ ಹರಕೆಯನ್ನು ಹೊರಿರಿ.